ಮೂರನೇ ಸಲ ಬರೆದದ್ದು

ಮಂಗಳವಾರ, ಹದಿನಾಲ್ಕನೇ ತಾರೀಖು

ಗುಬ್ಬಿಯ ಅಪ್ಪನಿಗೆ,

ಮನೆ ಬಿಟ್ಟ ಎರಡು ವರ್ಷದ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ಇದರ ಜೊತೆ ನಮ್ಮ ಮಗಳ ನೋಟ್‌ಬುಕ್ ಇದೆ. ಅವಳು ಹೋಗಿ ತಿಂಗಳಾದ ಮೇಲೆ ಕಾಲೇಜಿನ ಮೇಡಮ್ ತಂದುಕೊಟ್ಟರು. ಹೆಚ್ಚು ಮಾತಾಡಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕ ಕೂತು, ನೀರು ಕುಡಿದು ಹೋದರು.

ಇತಿಹಾಸ, ತತ್ವಶಾಸ್ತ್ರ, ಸಾಹಿತ್ಯ ಓದಿ ಏನು ಮಾಡುತ್ತಾಳೆ ಎಂದು ನೀವು ಕೇಳಿದ್ದಿರಿ. ಆ ಜಗಳದಲ್ಲೇ ಅವಳನ್ನು ಕರೆದುಕೊಂಡು ನಾನು ಮನೆ ಬಿಟ್ಟೆ. ನಿಜ ಹೇಳಬೇಕೆಂದರೆ, ಅವಳು ಏನು ಓದುತ್ತಿದ್ದಾಳೆಂದು ನನಗೂ ಗೊತ್ತಿರಲಿಲ್ಲ. ಬರೆದದ್ದನ್ನೇ ಮತ್ತೆ ಮತ್ತೆ ಬರೆಯುತ್ತಿದ್ದಳು. "ಎಷ್ಟು ಸಲ ಬಿಚ್ಚಿ ಹೊಲೀತೀಯ, ಅದೇನು ಗಿರಾಕಿ ಅಂಗೀನಾ?" ಎಂದು ರೇಗಿಸಿದರೆ, "ಇರಮ್ಮ, ಅಳತೆ ಇನ್ನೂ ಸರಿ ಕೂತಿಲ್ಲ" ಎನ್ನುತ್ತಿದ್ದಳು.

ಈ ನೋಟ್‌ಬುಕ್ಕಿನಲ್ಲಿ ಮೇಡಮ್ ಮೊದಲು ಒಂದು ಯುದ್ಧದ ಪಾಠವನ್ನು ಸೋತವರ ಕಡೆಯಿಂದ ಬರೆಸಿದ್ದಾರೆ. ಆಮೇಲೆ ಮನೆಯ ಒಂದು ಜಗಳ ಬರೆಯಲು ಹೇಳಿದ್ದಾರೆ. ಗುಬ್ಬಿ ನಮ್ಮದನ್ನೇ ಬರೆದಿದ್ದಾಳೆ, ಮೂರು ಸಲ. ಮೊದಲನೆಯದರಲ್ಲಿ ನೀವು ಬರೀ ಕೂಗುತ್ತೀರಿ, ಕಾಲೇಜಿನ ಅರ್ಜಿ ಹರಿಯುತ್ತೀರಿ. ಪಕ್ಕದಲ್ಲಿ ಮೇಡಮ್ ಪೆನ್ಸಿಲಿನಲ್ಲಿ ಕೇಳಿದ್ದಾರೆ: "ಇಲ್ಲಿ ನೀನೊಬ್ಬಳೇ ಮಾತಾಡುತ್ತಿದ್ದೀಯ. ಅವರು ಎಲ್ಲಿ ಕೂತಿದ್ದರು?" ಎರಡನೆಯದರಲ್ಲಿ ನೀವು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದೀರಿ. ಮೂರನೆಯದನ್ನು ನೀವೇ ಹೇಳುವಂತೆ ಬರೆದಿದ್ದಾಳೆ. ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮೆಷಿನ್ನಿಗೆ ಎರಡು ಬೆರಳು ಕೊಟ್ಟವನು, ಓದು ಅನ್ನ ಕೊಡದಿದ್ದರೆ ಮಗಳೂ ಇಂಥದೇ ಮೆಷಿನ್ನಿನ ಮುಂದೆ ನಿಲ್ಲಬೇಕಾದೀತೆಂದು ಹೆದರುತ್ತಾನೆ. ಅದನ್ನು ಹೇಳಲು ಬಾರದೆ ಕೂಗುತ್ತಾನೆ. ಕೂಗುವಷ್ಟು ಹೊತ್ತೂ ಬಲಗೈ ಮೇಜಿನ ಕೆಳಗಿರುತ್ತದೆ.

ಇಪ್ಪತ್ತೊಂದು ವರ್ಷ ಜೊತೆಗಿದ್ದೆ. ನೀವು ಆ ಕೈ ಬಚ್ಚಿಡುವುದನ್ನು ನಾನು ನೋಡಿರಲಿಲ್ಲ.

ಕೆಳಗೆ "ಇದನ್ನು ಅಪ್ಪನಿಗೆ ಓದಿ ಹೇಳಬೇಕು" ಎಂದು ಬರೆದು ಎರಡು ಗೆರೆ ಎಳೆದಿದ್ದಾಳೆ. ಅಷ್ಟರಲ್ಲಿ ಜ್ವರ ಬಂತು. ಮೂರೇ ದಿನ.

ಎಲ್ಲ ಮುಗಿದ ಮೇಲೆ ನೀವು ಬಂದಾಗ, ಬಾಗಿಲಲ್ಲೇ ನಿಲ್ಲಿಸಿ, ನಮ್ಮಣ್ಣನ ಎದುರಿಗೇ ಕೇಳಿದೆ: "ಆಸ್ಪತ್ರೆಯಿಂದ ಪ್ರೆಸ್ಸಿಗೆ ಫೋನ್ ಮಾಡಿದ್ದೆ. ನಿಮಗೆ ಈಗ ಪುರುಸೊತ್ತಾಯ್ತಾ?" ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿರಿ. ಫೋನ್ ಎತ್ತುವ ಗುಮಾಸ್ತರು ಸುದ್ದಿ ಮುಟ್ಟಿಸಲಿಲ್ಲವೆಂದು ಅವರ ಜೊತೆ ಮಾತು ಬಿಟ್ಟಿದ್ದೀರಂತೆ. ಮಗಳಿಗೆ ಚಿಕ್ಕಂದಿನಲ್ಲಿ ಎರಡು ವರ್ಷ ಅಕ್ಷರ ಕಲಿಸಿದ್ದು ಅವರೇ ಅಲ್ಲವೇ?

ನಾನೂ ಈ ಕಾಗದವನ್ನು ಮೂರು ಸಲ ಬರೆದೆ. ಮೊದಲನೆಯದರಲ್ಲಿ, ಕರೆದರೂ ನೀವು ಬರಲಿಲ್ಲ ಎಂದಿತ್ತು. ಎರಡನೆಯದರಲ್ಲಿ, ಫೋನ್ ಸಿಗಲಿಲ್ಲ ಎಂದಿತ್ತು. ಎರಡನ್ನೂ ಹರಿದೆ. ಮೇಡಮ್ ಓದಿದ್ದರೆ ಪಕ್ಕದಲ್ಲಿ ಕೇಳುತ್ತಿದ್ದರು, ನೀನು ಎಲ್ಲಿ ಕೂತಿದ್ದೆ ಎಂದು.

ನೋಟ್‌ಬುಕ್ ನಿಮ್ಮ ಹತ್ತಿರವೇ ಇರಲಿ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಮರೆತು ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಫೋನ್ ಎದುರಿನ ಗೋಡೆಯ ಮೇಲೇ ಇತ್ತು. ಮಾಡಲಿಲ್ಲ. ಗುಮಾಸ್ತರದು ಏನೂ ತಪ್ಪಿಲ್ಲ, ಅವರನ್ನು ಮಾತಾಡಿಸಿ. ಗುಬ್ಬಿ ಎರಡು ಸಲ ಕೇಳಿದಳು, "ಅಪ್ಪ ಹೊರಟ್ರಾ?" ಅಂತ. "ಹೊರಟಿದ್ದಾರೆ, ದಾರೀಲಿದ್ದಾರೆ" ಅಂದೆ. ಅವಳು ದಿಂಬು ಸರಿಮಾಡಿಸಿಕೊಂಡು, ಬಾಗಿಲ ಕಡೆ ಮುಖ ಮಾಡಿ ಮಲಗಿದಳು.