ಮೂರು ಸೆಕೆಂಡು

ಮಾರ್ಚ್ 4, ಸೋಮವಾರ. ಬೆಳಿಗ್ಗೆ 7

ಮನೆಯ ಕಂಪ್ಯೂಟರನ್ನು ನಡೆಸುವ ಹಳೇ ಓಎಸ್ ಪೂರ್ತಿ ಒರೆಸಿ ಲಿನಕ್ಸ್ ಹಾಕಿದ್ದಾಯಿತು. ಈ ವರ್ಷಕ್ಕೆ ಎರಡನೇ ಸಲ. ಹನ್ನೊಂದು ಸೆಕೆಂಡಿಗೆ ತೆರೆದುಕೊಳ್ಳುತ್ತದೆ. "ಮತ್ತೆ ಬದಲಾಯಿಸಿದ್ರಾ? ಸದ್ಯ, ಹೆಂಡತಿ ಇನ್ನೂ ಹಳೇದೇ" ಅಂದಳು ಇವಳು.

ಆನ್‌ಲೈನ್ ಗುಂಪಿನಲ್ಲಿ ಉದ್ದಕ್ಕೆ ಬರೆದೆ — ಈಗಿನ ಸಾಫ್ಟ್‌ವೇರಿಗೆ ಬೊಜ್ಜು ಬಂದಿದೆ, ಬರೆಯುವವರಿಗೆ ನಾಚಿಕೆ ಇಲ್ಲ, ಇತ್ಯಾದಿ. ಐವತ್ತು ಲೈಕು. 'ಆಮೆ' ಅಂತ ಹೆಸರಿಟ್ಟುಕೊಂಡವನೊಬ್ಬನದು ಮಾತ್ರ ತಕರಾರು: "ಬೊಜ್ಜು ಬರೋದು ಕೆಟ್ಟವರಿಂದ ಅಲ್ಲ ಸಾರ್. ಆಮೇಲೆ ಸರಿ ಮಾಡ್ತೀನಿ ಅನ್ನೋ ಒಳ್ಳೆಯವರಿಂದ." ಚೆನ್ನಾಗಿ ಜಾಡಿಸಿದೆ. ಬಾಯಿ ಮುಚ್ಚಿಕೊಂಡ.

ಮಾರ್ಚ್ 7, ಗುರುವಾರ

ಅಕ್ಕನ ಫೋನು. ಹತ್ತೊಂಬತ್ತು ವರ್ಷದಿಂದ ಲೈಬ್ರರಿ ಕೌಂಟರಿನಲ್ಲಿ ಪುಸ್ತಕ ಕೊಡುತ್ತಾಳೆ. "ಈ ವರ್ಷ ಓದೋರು ದುಪ್ಪಟ್ಟಾಗಿದಾರೆ, ಕ್ಯೂ ಬಾಗಿಲು ದಾಟ್ತಿದೆ ಕಣೋ. ಹೊಸ ಮೇಡಂ ನನ್ನನ್ನೇ ಗುರಾಯಿಸ್ತಾರೆ. ಒಂದ್ಸಲ ಬಂದು ಕಂಪ್ಯೂಟರ್ ನೋಡ್ತೀಯಾ?"

ಅಲ್ಲಿನ ಪ್ರೋಗ್ರಾಂ ನಮ್ಮ ಕಂಪನಿಯದೇ. ಒಂಬತ್ತು ವರ್ಷದ ಹಿಂದೆ ನಾನೇ ಬರೆದದ್ದು. ಪುಟ್ಟದು, ಅಚ್ಚುಕಟ್ಟು. ಅಂದಮೇಲೆ ತಪ್ಪು ಓಎಸ್‌ದೇ, ಇನ್ಯಾರದು?

ಮಾರ್ಚ್ 9, ಶನಿವಾರ. ಸಂಜೆ

ಮೇಡಂ ಒಪ್ಪಿದರು. ಕೌಂಟರಿನ ಕಂಪ್ಯೂಟರಿಗೂ ಲಿನಕ್ಸ್ ಹಾಕಿ ಬಂದೆ. ಬೊಜ್ಜಿನ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದೆ. ಅಕ್ಕ ಬಂದವರಿಗೆಲ್ಲ "ನನ್ನ ತಮ್ಮ" ಅಂತ ತೋರಿಸಿದ್ದೇ ತೋರಿಸಿದ್ದು.

ಮಾರ್ಚ್ 12, ಮಂಗಳವಾರ

ಕ್ಯೂ ಕರಗಿಲ್ಲ. ಮತ್ತೆ ಹೋದೆ. ಮಷೀನ್ ಚುರುಕಾಗಿದೆ. ಅಕ್ಕ ಮಾತ್ರ ಒಂದೊಂದು ಪುಸ್ತಕಕ್ಕೂ ಗುಂಡಿ ಒತ್ತಿ, ಬೆರಳು ಎತ್ತಿ ಹಿಡಿದು, ಸುಮ್ಮನೆ ಕೂರುತ್ತಾಳೆ. ಅಂಜುತ್ತಾಳೆ ಅಂದುಕೊಂಡೆ. ಮೇಡಂ ಎಲ್ಲರೆದುರು ಕೇಳಿದರು, "ಓಎಸ್ ಬದಲಾಯಿಸಿದ್ದಾಯ್ತಲ್ಲ, ಇನ್ನೇನು ತೊಂದರೆ?"

ಗೊತ್ತಿಲ್ಲ ಅನ್ನಬಹುದಿತ್ತು. "ಮಷೀನ್ ಸರಿ ಇದೆ ಮೇಡಂ. ಇನ್ನು ಉಳಿದಿರೋದು... ಕೈ ಅಭ್ಯಾಸ" ಅಂದೆ.

ಅಕ್ಕ ನಕ್ಕಳು. "ಹೌದು ಮೇಡಂ, ನನ್ನ ಕೈ ಸ್ವಲ್ಪ ನಿಧಾನಾನೇ." ನನ್ನ ಮಾತು ಬಿದ್ದುಹೋಗಬಾರದು ಅಂತ ಅಂದಳು. ನನ್ನ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಕೈ ಅದು.

ಏಪ್ರಿಲ್ 2, ಮಂಗಳವಾರ

ಮೂರು ವಾರ ಬರೆದಿಲ್ಲ. ಬರೆಯಲು ಮುಖವಿಲ್ಲ.

ಅಕ್ಕನನ್ನು ಕೌಂಟರಿನಿಂದ ತೆಗೆದರು. ಈಗ ಹಿಂದಿನ ಕೋಣೆ — ಕಿಟಕಿ ಇಲ್ಲ — ಹರಿದ ಪುಸ್ತಕಗಳಿಗೆ ಗೋಂದು ಹಚ್ಚಿ ಚೀಟಿ ಅಂಟಿಸುವುದು. ಜನರ ಜೊತೆ ಮಾತಾಡದಿದ್ದರೆ ಅವಳಿಗೆ ಹೊತ್ತೇ ಹೋಗುವುದಿಲ್ಲ. ನನಗೆ ಹೇಳಿಲ್ಲ. ಹೆಂಡತಿಯ ಬಾಯಿಂದ ಗೊತ್ತಾಯಿತು.

ಏಪ್ರಿಲ್ 5, ಶುಕ್ರವಾರ. ಆಫೀಸು, ಮಧ್ಯಾಹ್ನ 3

ಪ್ರೋಗ್ರಾಮನ್ನು ಲಿನಕ್ಸಿಗೆ ಸರಿಯಾಗಿ ಒಗ್ಗಿಸುವ ಕೆಲಸ ನನ್ನ ತಲೆಗೇ ಬಂತು. ಹಳೇ ಕೋಡ್ ತೆಗೆದೆ. ಪ್ರತಿ ಪುಸ್ತಕ ದಾಖಲಾದ ಮೇಲೂ ಮೂರು ಸೆಕೆಂಡು ಸುಮ್ಮನೆ ಕಾಯಬೇಕು ಅಂತ ಒಂದು ಸಾಲು. ಪಕ್ಕದಲ್ಲಿ ಟಿಪ್ಪಣಿ: 'ಪ್ರಿಂಟರ್ ಪರೀಕ್ಷೆಗೆ ಮಾತ್ರ. ಆಮೇಲೆ ತೆಗೆಯಬೇಕು.' ಕೆಳಗೆ ನನ್ನ ಇನಿಷಿಯಲ್. ಒಂಬತ್ತು ವರ್ಷದ ಹಿಂದಿನ ತಾರೀಖು.

ಎದ್ದು ಹೋಗಿ ಮುಖ ತೊಳೆದುಕೊಂಡೆ. ಕನ್ನಡಿ ನೋಡಲಿಲ್ಲ. ಓಎಸ್ ಅಲ್ಲ. ಅಕ್ಕನೂ ಅಲ್ಲ. ಬೆರಳು ಎತ್ತಿ ಹಿಡಿದು ಅವಳು ಕಾಯುತ್ತಿದ್ದದ್ದು ನನಗಾಗಿ.

ಏಪ್ರಿಲ್ 8, ಸೋಮವಾರ

ಆ ಸಾಲು ಅಳಿಸಿದೆ. ಅಪ್‌ಡೇಟ್ ಕಳಿಸಿದೆ. ವಿವರದ ಜಾಗದಲ್ಲಿ 'ಸಣ್ಣಪುಟ್ಟ ಸುಧಾರಣೆ' ಅಂತ ಬರೆದೆ. ಯಾರಿಗೂ ಹೇಳಿಲ್ಲ. ಕ್ಯೂ ಕರಗಿದರೆ ಅಕ್ಕನನ್ನು ತಾವಾಗಿಯೇ ವಾಪಸ್ ಕರೆಯುತ್ತಾರೆ. ಕರೆಯಬೇಕಲ್ಲ?

ಏಪ್ರಿಲ್ 18, ಗುರುವಾರ

ಮೇಡಂ ಫೋನ್ ಮಾಡಿದ್ದರು. ಖುಷಿಯೋ ಖುಷಿ. "ನೀವು ಹೇಳಿದ್ದೇ ಸರಿ. ಕೌಂಟರಿಗೆ ಬಂದ ಹೊಸಬಳ ಕೈ ಪಳಗಿತು ನೋಡಿ, ಹತ್ತು ದಿನದಿಂದ ಕ್ಯೂನೇ ಇಲ್ಲ! ನಿಮ್ಮಕ್ಕನಿಗೆ ಹಿಂದಿನ ಕೋಣೆಯೇ ಖಾಯಂ ಅಂತ ಸೋಮವಾರ ಆರ್ಡರ್ ಹಾಕಿಬಿಡ್ತೀನಿ."

ಆಗಲೇ ಬಾಯಿ ಬಿಡಬೇಕಿತ್ತು. "ಸಂತೋಷ ಮೇಡಂ" ಅಂದೆ.

ಸಂತೋಷವಂತೆ. ತಪ್ಪನ್ನು ಸದ್ದಿಲ್ಲದೆ ಸರಿಪಡಿಸಿ, ಅದನ್ನು ಪೂರ್ತಿಯಾಗಿ ಅವಳ ತಲೆಗೇ ಕಟ್ಟಿದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಏಪ್ರಿಲ್ 20, ಶನಿವಾರ

ಹೇಳಿಬಿಡಲು ಅಕ್ಕನ ಮನೆಗೆ ಹೋದೆ. ಮೇಜಿನ ಮೇಲೆ ರಟ್ಟು, ಅದರ ಮೇಲೆ ಪೆನ್ನಿನಲ್ಲಿ ಬರೆದ ಕೀಬೋರ್ಡು. ಅದರ ಮೇಲೆ ಬೆರಳು ಆಡಿಸುತ್ತಿದ್ದಳು. "ದಿನಾ ಒಂದು ಗಂಟೆ ಅಭ್ಯಾಸ ಕಣೋ. ನೀನು ಹೇಳಿದ್ದು ಒಳ್ಳೇದೇ ಆಯ್ತು. ಹೊರಗಿನವರಾಗಿದ್ರೆ ಮುಖದ ಮೇಲೆ ಹೇಳ್ತಿದ್ರಾ?"

"ನಿದ್ದೇಲೂ ಟೈಪ್ ಮಾಡ್ತಾಳಪ್ಪ ನಿಮ್ಮಕ್ಕ, ನನ್ನ ಬೆನ್ನ ಮೇಲೆ" ಅಂದರು ಭಾವ. ಇಬ್ಬರೂ ನಕ್ಕರು. ನಾನೂ ನಕ್ಕೆ. ಕಾಫಿ ಕುಡಿದು, ಹೇಳದೆ ಎದ್ದು ಬಂದೆ. ಥೂ.

ಏಪ್ರಿಲ್ 22, ಸೋಮವಾರ. ಬೆಳಿಗ್ಗೆ 10:10

ಲೈಬ್ರರಿ. ಮೇಡಂ ಕೋಣೆಯ ಹೊರಗಿನ ಬೆಂಚು. ಹತ್ತೂವರೆಗೆ ಬರುತ್ತಾರಂತೆ. ಜೇಬಿನಲ್ಲಿ ಪತ್ರ ಇದೆ — ಆ ಸಾಲು, ಟಿಪ್ಪಣಿ, ತಾರೀಖು, ಕೆಳಗೆ ನನ್ನ ಪೂರ್ತಿ ಸಹಿ. ಕಂಪನಿಯವರು ಏನು ಬೇಕಾದರೂ ಮಾಡಿಕೊಳ್ಳಲಿ.

ಆದರೆ ಮೊದಲು ಅಕ್ಕನಿಗೆ ಗೊತ್ತಾಗಬೇಕು. ಹಿಂದಿನ ಕೋಣೆಯ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ...

ಅವಳೇ ಬಂದಳು. ಬೆರಳ ತುಂಬಾ ಗೋಂದು. ಪಕ್ಕದಲ್ಲಿ ಕೂತಳು. "ಏನೋ ಅದು, ಡೈರಿನಾ? ಚಿಕ್ಕವನಿದ್ದಾಗಲೂ ಹಿಂಗೇ. ಏನಾದ್ರೂ ಎಡವಟ್ಟು ಮಾಡಿದಾಗ್ಲೇ ಮೂಲೇಲಿ ಕೂತು ಬರೀತಿದ್ದೆ. ಈ ಸಲ ಏನ್ ಮಾಡ್ಕೊಂಡೆ? ಕೊಡಿಲ್ಲಿ."

ಈ ಪುಸ್ತಕ ಇದುವರೆಗೆ ಯಾರಿಗೂ ತೋರಿಸಿಲ್ಲ. ಕೈ ಚಾಚಿಕೊಂಡು ಕಾಯುತ್ತಿದ್ದಾಳೆ. ಮಾರ್ಚ್ ನಾಲ್ಕರ ಪುಟ ತೆಗೆದು ಅವಳ ಕೈಗೆ ಕೊಡುತ್ತಿದ್ದೇ—