ನಮ್ಮ ಬೇವಿನ ಮರದ ಕಾಗೆ

ಏಪ್ರಿಲ್ 4, ಗುರುವಾರ. ಬೆಳಗ್ಗೆ 6.30
ಎಂದಿನಂತೆ ಚಹಾ ಹಿಡಿದು ಮಾಳಿಗೆಗೆ. ಬೇವು ಈ ವರ್ಷ ಮೈತುಂಬ ಹೂ ಬಿಟ್ಟಿದೆ. ಬಾಜೂ ಹೊಂಗೆಯಲ್ಲಿ ಸೂರಕ್ಕಿಗಳ ಗದ್ದಲ. ಅಣ್ಣಿಗೇರಿ ಸಂತೆಯಲ್ಲಿ ಈಗ ಬೇವಿನ ಹೂವನ್ನೂ ಮಾರುತ್ತಾರಂತೆ... ನಾಚಿಕೆಗೇಡು. ಇಪ್ಪತ್ತು ವರ್ಷದಿಂದ ಈ ಓಣಿಯ ಯುಗಾದಿಗೆ ಹೂ ಹೋಗುವುದು ನಮ್ಮ ಮರದಿಂದ, ನನ್ನ ಕೈಯಿಂದ.
ದೋಟಿ ಎತ್ತಿ ಒಂದು ಗೊಂಚಲಿಗೆ ಕೊಕ್ಕೆ ಹಾಕಿದೆ, ಅಷ್ಟೆ. ನೆತ್ತಿಗೆ ಫಟ್ ಎಂದು ಏಟು. ಕಾಗೆ. ಮೇಲಿನ ಟೊಂಗೆಯಲ್ಲಿ ಗೂಡು ಕಟ್ಟಿದೆ. ನಮ್ಮನ್ನು ಕೇಳದೆ.

ಏಪ್ರಿಲ್ 5
ನನ್ನನ್ನೇ ಹುಡುಕಿ ಹೊಡೆಯುತ್ತಿದೆ. ಸೀರೆ ಬದಲಿಸಿದೆ, ಕೊಡೆ ಹಿಡಿದೆ, ಹಿತ್ತಲಿನಿಂದ ಶಾಲೆಗೆ ಹೊರಟೆ — ಗುರುತು ಹಿಡಿಯಿತು. ಇವರು ಅದೇ ಮರದ ಕೆಳಗೆ ಆರಾಮಾಗಿ ಪೇಪರ್ ಓದುತ್ತಾರೆ. ಪಕ್ಕದ ಮನೆಯ ಬಾಬಾಸಾಬರು ಆಡಿಗೆ ಅದೇ ಮರದ ಸೊಪ್ಪು ಕೊಯ್ದರು. ಸುಮ್ಮನೆ ನೋಡಿತು.
"ನಿಮ್ಮ ಮ್ಯಾಲಷ್ಟ ಸಿಟ್ಟೈತ್ರಿ ಅಕ್ಕಾರ. ನಿಮ್ಹಂಗ ಅದೂ ಏನೂ ಮರಿಯೂದಿಲ್ಲ ಅನಸ್ತೈತಿ," ಎಂದರು.
ಹನ್ನೊಂದು ವರ್ಷದ ಹಿಂದೆ ಅವರು ನಮ್ಮ ಏಣಿ ಒಯ್ದು ಮುರಿದು ತಂದದ್ದನ್ನು ನಾನು ಈವರೆಗೆ ಆಡಿ ತೋರಿಸಿಲ್ಲ.
ಹೂ ಕಿತ್ತುಕೊಡಿ ಎಂದು ಅವರನ್ನು ಕೇಳಬಹುದು. ಕೇಳುವುದಿಲ್ಲ.

ಏಪ್ರಿಲ್ 7, ರವಿವಾರ
ಇವರ ಕೆಂಪು ಹೆಲ್ಮೆಟ್ ಹಾಕಿಕೊಂಡು ಮತ್ತೆ ಹೋದೆ. ಟಕ್, ಟಕ್. ದೋಟಿ ಬಿಟ್ಟು ಇಳಿದೆ. ಗೂಡು ತೆಗೆಸಿಬಿಡೋಣ ಎಂದೆ. ಹಕ್ಕಿಗಳನ್ನು ಉಳಿಸಿ ಎಂದು ಪತ್ರಿಕೆಗೆ ನಾನೇ ಬರೆದಿದ್ದನ್ನು ಇವರು ಕಪಾಟಿನಿಂದ ಹುಡುಕಿ ತಂದು ಓದಿದರು. ದೊಡ್ಡ ದನಿಯಲ್ಲಿ.

ಏಪ್ರಿಲ್ 8
ಈಗ ಹೆಲ್ಮೆಟ್ ಹಾಕಿದರೆ ಇವರನ್ನೂ ಬಿಡುತ್ತಿಲ್ಲ. "ನಿನ್ನ ಪಾಲಿಂದೂ ನನಗ ಬೀಳಾಕತ್ತೈತಿ," ಎಂದರು. ನ್ಯಾಯವೇ ಎನಿಸಿತು.

ಏಪ್ರಿಲ್ 9, ಯುಗಾದಿ
ಬೇವಿನ ಪಾನಕಕ್ಕೆ ಪುಠಾಣಿ ಹಿಟ್ಟು, ಬೆಲ್ಲ, ಹುಣಸೆ, ಮಾವಿನಕಾಯಿ — ಎಲ್ಲ ಕಲಸಿಟ್ಟು, ಹೂವಿಲ್ಲದೆ ಕೂತಿದ್ದೆ. ಬಾಬಾಸಾಬರು ತಾಟಿನ ತುಂಬ ಹೂ ತಂದರು. ನಮ್ಮ ಮರದ್ದೇ.
"ಓಣ್ಯಾಗ ಎಲ್ಲಾರಿಗೂ ಕೊಟ್ಟ ಬಂದೇನ್ರಿ. ನಿಮ್ಮ ಹೆಸರ ಹೇಳೇ ಕೊಟ್ಟೇನಿ."
ಅವರಿಗೆ ರಂಜಾನಿನ ರೋಜಾ, ಉಪವಾಸ. ಸಂಜೆಗೆಂದು ಒಂದು ತಂಬಿಗೆ ಬೇವು ಕಳಿಸಿದೆ. ಏಣಿಯ ವಿಷಯ ಇಲ್ಲಿಗೆ ಬಿಟ್ಟೆ.

ಏಪ್ರಿಲ್ 21, ರವಿವಾರ. ಬೆಳಗ್ಗೆ 7
ಕಿಟಕಿಯೊಳಗಿಂದ ಬರೆಯುತ್ತಿದ್ದೇನೆ. ಕರಿ ಗಂಡು ಕೋಗಿಲೆ ಬಂದು ಕೂಗಿ ಕೆಣಕಿತು. ಕಾಗೆಗಳೆರಡೂ ಅಟ್ಟಿಸಿಕೊಂಡು ಹೋದವು. ಅಷ್ಟರಲ್ಲಿ ಮೈಯೆಲ್ಲ ಚುಕ್ಕೆಯ ಹೆಣ್ಣು ಕೋಗಿಲೆ ಕಾಗೆಯ ಗೂಡಿಗೆ ಇಳಿದು ಕೂತಿದೆ... ಮೊಟ್ಟೆ ಇಡಲು. ನನ್ನ ಹೆಲ್ಮೆಟ್ಟನ್ನೂ ನೆನಪಿಡುವ ಕಾಗೆಗೆ ತನ್ನ ಮೊಟ್ಟೆಯ ಗುರುತಿಲ್ಲ. ಈ ಕಳ್ಳಿಯ ಮನೆತನವನ್ನು ಹೊಗಳಿ ಎಷ್ಟು ಮಕ್ಕಳಿಂದ ಪ್ರಬಂಧ ಬರೆಸಿದೆನೋ. ಇದನ್ನು ನೋಡುತ್ತ ಕೂರಲಾರೆ. ದೋಟಿ ತೆಗೆದುಕೊಂಡೆ.
"ಕಾಗಿ ವಾಪಸ್ ಬಂತಂದ್ರ ಅದಕ್ಕ ಕೋಗಿಲಿ ಕಾಣೂದಿಲ್ಲ, ನೀ ಕಾಣ್ತಿ," ಎಂದರು ಇವರು.
ಕಾಣಲಿ. ಹೆಲ್ಮೆಟ್ ಎಲ್ಲಿಟ್ಟಿದ್ದಾರೆ—