ಹಾಲಿನ ಪುಡಿ ಡಬ್ಬಿಯಲ್ಲಿ ಕೋವಿ ಮದ್ದು

ಬರ್ ದುಬೈ
೨೧ ನವೆಂಬರ್ ೨೦೧೪, ಶುಕ್ರವಾರ

ಮದ್ದಿನ ಕೋಣೆಯ ಮಹಾಮಹಿಮ ಶ್ರೀಮಾನ್ ಹ್ಯೂಬರ್ಟ್ ಪಾಯ್ಸ್ ಅವರಿಗೆ, ಅರ್ಥಾತ್ ನಮ್ಮ ಹ್ಯೂಬರ್ಟನಿಗೆ,

ಕೊಲ್ಲಿ ದೇಶದ ಸಮಸ್ತ ಕನ್ನಡಿಗರಿಗೂ, ವಿಶೇಷವಾಗಿ ನಿನಗೂ, ಈ ಮೂಲಕ ಸಾರಿ ಹೇಳುವುದೇನೆಂದರೆ: ಇಂದು ಬೆಳಿಗ್ಗೆ ಹತ್ತೂಕಾಲಿಗೆ ಸರಿಯಾಗಿ ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಗೆ ಹೆಸರು ಚೀಟಿ ಅಂಟಿಸಲಾಯಿತು. ಚೀಟಿಯಲ್ಲಿ ಸಾಸಿವೆಯ ಹೆಸರು, ಕೊಂಡ ದಿನ, ಡಬ್ಬಿ ತೆರೆದ ದಿನ, ತೆರೆದವರ ಸಹಿ ಎಲ್ಲ ಉಂಟು. ಸಹಿ ನನ್ನದೇ. ಸಾಸಿವೆಯ ಬೆನ್ನಿಗೆ ಮೆಂತೆ, ಜೀರಿಗೆ, ಉದ್ದಿನಬೇಳೆಗೂ ಈ ಗೌರವ ಸಂದಿತು. ಸುಪ್ರೀತಾ ಸೌಟು ಹಿಡಿದುಕೊಂಡೇ ನಿಂತು ನೋಡಿ, “ಇದೆಂತ ಮಾರಾಯ್ರೆ, ಸಾಸಿವೆಗೂ ವೀಸಾ ಹೊಡೀತೀರಾ?” ಅಂದಳು. ತೃಷಾ ಹೋಮ್‌ವರ್ಕಿನಿಂದ ತಲೆಯೆತ್ತದೆ, “ಪಪ್ಪಾ ವಾಂಟ್ಸ್ ಟು ಬಿ ಹ್ಯೂಬರ್ಟ್ ಅಂಕಲ್” ಎಂದು ತೀರ್ಪು ಕೊಟ್ಟಳು.

ಎಂಟು ವರ್ಷದ ಹುಡುಗಿಗೆ ಗೊತ್ತಾದದ್ದು ನನಗೆ ಗೊತ್ತಾಗಲು ಆರು ವರ್ಷ ಬೇಕಾಯಿತು ನೋಡು.

ದಿನಾ ಹತ್ತು ಅಡಿ ದೂರದಲ್ಲಿ ಕೂರುವವನಿಗೆ ಕಾಗದ ಯಾಕೆ ಬರೆಯುತ್ತಾನೆ ಇವನು ಎಂದು ನಿನಗೆ ಅನ್ನಿಸಬಹುದು. ಎದುರು ನಿಂತು ಹೇಳಲು ಮೂರು ಸಲ ಹೊರಟೆ. ಒಂದು ಸಲ ಟೋನರ್ ಮುಗಿದಿದೆ ಅಂದೆ, ಇನ್ನೊಂದು ಸಲ ನಿನ್ನ ಅಂಗಿ ಚೆನ್ನಾಗಿದೆ ಅಂದೆ. ಮೂರನೆಯ ಸಲ ಬರೀ ಕೆಮ್ಮಿ ವಾಪಸು ಬಂದೆ. ನೀನು ಶುಂಠಿ ಚಾ ತಂದುಕೊಟ್ಟೆ. ಆ ಚಾ ಕುಡಿಯುವಾಗ ಎಷ್ಟು ಸಿಟ್ಟು ಬಂತು ಗೊತ್ತಾ? ಮನುಷ್ಯನಾದವನು ಸ್ವಲ್ಪವಾದರೂ ಕೆಟ್ಟವನಾಗಿರಬೇಕಪ್ಪ. ಅಕ್ಕಪಕ್ಕದವರ ಅನುಕೂಲಕ್ಕಾದರೂ.

ಹಾಗಾಗಿ ಈ ಕಾಗದವನ್ನು ನೀನು ಪೂಜೆಗೆಂದು ಇಗರ್ಜಿಯಲ್ಲಿರುವಾಗ ನಿನ್ನ ಪಿಕಪ್ ಗಾಡಿಯ ವೈಪರಿಗೆ ಸಿಕ್ಕಿಸಿ ಹೋಗುತ್ತೇನೆ. ಇಲ್ಲಿ ಗಾಡಿಗಾಡಿಗೂ ಸಿಕ್ಕಿಸುವ ಮಸಾಜಿನ ಜಾಹೀರಾತೆಂದು ಬಿಸಾಡದೆ ಓದು.

ಮೊದಲಿಗೆ ನನ್ನ ಹೊಟ್ಟೆಕಿಚ್ಚಿನ ವಂಶಾವಳಿ ಹೇಳುತ್ತೇನೆ. ನಾವಿಬ್ಬರೂ ಈ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದು ಒಂದೇ ದಿನ. ಉಡುಪಿಯ ನನಗೆ ಖರೀದಿ ವಿಭಾಗ, ಬಂಟ್ವಾಳದ ನಿನಗೆ ಮದ್ದಿನ ಕೋಣೆ. ಸದಸ್ಯರು ಹಾರಿಸಿದ ಖಾಲಿ ಹಿತ್ತಾಳೆ ತೋಟೆಗಳನ್ನು ಹೆಕ್ಕಿ, ತೊಳೆದು, ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ ಕೊಡುವ ಕ್ಲಬ್ಬು ನಮ್ಮದು. ಆ ಮದ್ದನ್ನು ಪರವಾನಗಿ ಕಾಗದಗಳ ಸಮೇತ ಊರೆಲ್ಲ ಹುಡುಕಿ ತರುವವನು ನಾನು. ನೀನು ಅದನ್ನು ಒಳಗಿಟ್ಟು ಬಾಗಿಲು ಹಾಕುವವನು. ಲೋಕದ ಕಣ್ಣಿಗೆ ಇದರಲ್ಲಿ ದೊಡ್ಡ ಕೆಲಸ ಯಾವುದು? ಬಾಗಿಲು ಹಾಕುವುದು!

ಆ ಕೋಣೆಯ ಮೇಲೆಯೇ ನನಗೆ ಮೊದಲು ಹೊಟ್ಟೆಕಿಚ್ಚು ಹುಟ್ಟಿದ್ದು. ಆಗ ಬರ್ ದುಬೈಯ ಒಂದು ಕೋಣೆಯಲ್ಲಿ ನಾವು ಆರು ಜನ, ಅದರ ಏಸಿಯಿಂದ ಬರುತ್ತಿದ್ದದ್ದು ಗಾಳಿಗಿಂತ ಹೆಚ್ಚು ಭಾಷಣ. ನಿನ್ನ ಮದ್ದಿಗೋ ಇಡೀ ಕೋಣೆ, ಹಗಲೂ ರಾತ್ರಿ ತಂಪು, ಗೋಡೆಯಲ್ಲಿ ತಾಪಮಾಪಕ, ಪಕ್ಕದಲ್ಲಿ ಬೀಡಿ-ಬೆಂಕಿ-ಬಿಸಿಲು ಯಾವುದೂ ಸುಳಿಯುವಂತಿಲ್ಲ. ನಮ್ಮ ಕ್ಲಬ್ಬಿನಲ್ಲಿ ಸುಖವಾಗಿರಬೇಕಾದರೆ ಮದ್ದಾಗಿ ಹುಟ್ಟಬೇಕು ಅಂತ ನಾನೇ ಹೇಳಿದ್ದೆ. ನೀನು ನಗಲಿಲ್ಲ. “ಮದ್ದಿಗೆ ಸೆಕೆಯಾದರೆ ಅದು ಲೀವ್ ಕೇಳುವುದಿಲ್ಲ ರಂಜಿತ್” ಅಂದೆ. ಇಡೀ ಆಫೀಸು ಆ ಮಾತಿಗೆ ನಕ್ಕಿತು. ನನ್ನ ಜೋಕಿಗೆ ಯಾರೂ ನಕ್ಕಿರಲಿಲ್ಲ, ಬರೆದಿಟ್ಟುಕೋ.

ಇನ್ನು ಆ ಮರದ ಕಪಾಟು. ಒಳ್ಳೆಯ ಉಕ್ಕಿನ ತಿಜೋರಿಯನ್ನು ನಾನು ಕಷ್ಟಪಟ್ಟು ತರಿಸಿದರೆ ನೀನು ಬೇಡ ಅಂದುಬಿಟ್ಟೆ. “ಕಬ್ಬಿಣದೊಳಗೆ ಬಿಗಿದಿಟ್ಟ ಮದ್ದಿಗೆ ಬೆಂಕಿ ಬಿದ್ದರೆ ಅದು ಬಾಂಬು. ಮರದ ಕಪಾಟಾದರೆ ಬರೀ ಉರಿದುಹೋಗ್ತದೆ” ಅಂತ ಪಾಠ ಮಾಡಿದೆ. ನಮ್ಮ ಅಲೆಕ್ಸಾಂಡರ್ ಸಾಹೇಬರು ಕೇರಳದ ನಿವೃತ್ತ ಫೌಜಿ, ಮೂವತ್ತು ವರ್ಷ ಕೋವಿಯ ಜೊತೆ ಸಂಸಾರ ಮಾಡಿದವರು. ಅವರೇ ನಿನ್ನ ಬೆನ್ನು ತಟ್ಟಿದರು. ಕೋಣೆಗೆ ಎರಡು ಬೀಗ ಹಾಕಿಸಿ ಒಂದು ಕೀ ನಿನಗೆ, ಇನ್ನೊಂದು ನನಗೆ ಕೊಟ್ಟರು. ಇಬ್ಬರೂ ಇದ್ದರೆ ಮಾತ್ರ ಬಾಗಿಲು ತೆರೆಯುವುದು. ನಿನ್ನ ಕೀ ಕೊರಳಲ್ಲಿ ಶಿಲುಬೆಯ ಪಕ್ಕ ನೇತಾಡುತ್ತಿತ್ತು. ನನ್ನದು ಡ್ರಾಯರಿನಲ್ಲಿ ಸ್ಟೇಪ್ಲರ್ ಜೊತೆ. ಬಂದವರೆಲ್ಲ ನೋಡುತ್ತಿದ್ದದ್ದು ನಿನ್ನ ಕೊರಳನ್ನು.

ಆಮೇಲೆ ಬಂತಲ್ಲ, ಆ ಹದಿಮೂರನೆಯ ಇಸವಿಯ ಬರಗಾಲ. ಅಮೆರಿಕದಲ್ಲಿ ಜನ ಹೆದರಿ ಮದ್ದು ಕೊಂಡು ಮನೆ ತುಂಬಿಸಿಕೊಂಡರಂತೆ, ಅಂಗಡಿಗಳೆಲ್ಲ ಬರಿದಾದವಂತೆ, ಅದರ ಬಿಸಿ ಇಲ್ಲಿಗೂ ತಟ್ಟಿತು. ಮೂರು ತಿಂಗಳು ನನ್ನ ಕಿವಿಗೆ ಫೋನು ಅಂಟಿಯೇ ಇತ್ತು. ಯಾರನ್ನು ಕೇಳಿದರೂ “ಮಾಫಿ ಬಾರೂದ್, ಖಲಾಸ್!” ಸಲಾಂ ಹೇಳುವ ಮೊದಲೇ ಮಾಫಿ, ಅಂದರೆ ‘ಇಲ್ಲ’, ಹೇಳುತ್ತಿದ್ದರು. ಡಿಸೆಂಬರಿನ ಸ್ಪರ್ಧೆ ಹತ್ತಿರ ಬಂದಿತ್ತು. ಕೊನೆಗೆ ಒಬ್ಬ ಸರಬರಾಜುದಾರನ ಕಾಲು ಹಿಡಿಯುವುದೊಂದು ಬಾಕಿಯಿಟ್ಟು ಉಳಿದದ್ದೆಲ್ಲ ಮಾಡಿ ಎರಡು ಜಾತಿಯ ಮದ್ದು ಗಿಟ್ಟಿಸಿದೆ. ಆಗ ಸಾಹೇಬರು ಸಭೆಯಲ್ಲಿ ಏನು ಹೇಳಿದರು, ನೆನಪಿದೆಯಾ? “ಸ್ಪರ್ಧೆ ಬರಲಿ, ಚಿಂತೆಯಿಲ್ಲ. ನಮ್ಮಲ್ಲಿ ಹ್ಯೂಬರ್ಟ್ ಇದ್ದಾನೆ.”

ಮದ್ದು ತಂದವನ ಹೆಸರು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಮುಂದಿನದ್ದಕ್ಕೆಲ್ಲ ಅದೇ ಕಾರಣ ಅಂತ ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಆದರೆ ಆ ಕಿಚ್ಚು ಒಳಗಿತ್ತು.

ಸರಕು ಬಂದದ್ದು ಶುಕ್ರವಾರ ಬೆಳಿಗ್ಗೆ. ನೀನು ಊದ್ ಮೇಥಾದ ಇಗರ್ಜಿಗೆ ಪೂಜೆಗೆ ಹೋಗಿದ್ದೆ. ನಿನ್ನ ಕೀ ಇಲ್ಲದೆ ಕೋಣೆ ತೆರೆಯುವಂತಿಲ್ಲ. ಸಾಗಣೆಯಲ್ಲಿ ಪೆಟ್ಟು ಬಿದ್ದು ಎರಡು ಡಬ್ಬಿಗಳ ಮುಚ್ಚಳ ಬಿರುಕು ಬಿಟ್ಟಿತ್ತು, ಮೇಜಿನ ಮೇಲೆ ಕಪ್ಪು ಕಾಳು ಉದುರುತ್ತಿತ್ತು. ಒಂದು ಫೋನು ಮಾಡಿದ್ದರೆ ನೀನು ಓಡಿ ಬರುತ್ತಿದ್ದೆ. ನಾನು ಮಾಡಲಿಲ್ಲ. ಈ ಒಂದು ಸಲ ಹ್ಯೂಬರ್ಟ್ ಇಲ್ಲದೆ ಲೋಕ ನಡೆಯಲಿ ಅನ್ನಿಸಿತು.

ಇಲ್ಲಿನ ಸಂಸಾರಸ್ಥರಿಗೆ ಡಬ್ಬಿ ಒಡೆದರೆ ಹೊಳೆಯುವುದು ಒಂದೇ ಉಪಾಯ. ಪ್ಯಾಂಟ್ರಿಯ ಅಟ್ಟದಲ್ಲಿ ತೊಳೆದು ಒಣಗಿಸಿದ ಎರಡೂವರೆ ಕಿಲೋದ ಹಾಲಿನ ಪುಡಿ ಡಬ್ಬಿಯಿತ್ತು. ನಮ್ಮ ಮನೆಯಲ್ಲಿ ಅಂಥ ಡಬ್ಬಿಯಲ್ಲಿ ಅವಲಕ್ಕಿ ಉಂಟು, ಹಪ್ಪಳ ಉಂಟು, ಸುಪ್ರೀತಾಳ ಬಳೆ ಉಂಟು, ಮೂರೂ ಜನರ ಪಾಸ್‌ಪೋರ್ಟ್ ಉಂಟು. ಮದ್ದೊಂದು ಬಾಕಿಯಿತ್ತು. ಸುರಿದೆ, ಒತ್ತಿ ಮುಚ್ಚಿದೆ, ಬೀಗದ ಲಾಕರಿನಲ್ಲಿಟ್ಟೆ. ಒಡೆದ ಡಬ್ಬಿಗಳನ್ನು ಕಸದ ತೊಟ್ಟಿಗೆ ಹಾಕಿದೆ. ಮಧ್ಯಾಹ್ನ ಕಸದ ಲಾರಿ ಬಂದು ಅದನ್ನೂ ಒಯ್ದಿತು.

ಮರುದಿನ ನೀನು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೈಯಲಿಲ್ಲ. “ಇದರ ಹೆಸರೆಂತ?” ಅಂದೆ.

“ಮದ್ದು ಮಾರಾಯ, ಮತ್ತೆಂತ ಹಾಲಿನ ಪುಡಿಯಾ?”

“ಯಾವ ಮದ್ದು? ಚೀಟಿ ಎಲ್ಲುಂಟು?”

“ನಾನು ಹೇಳ್ತೇನಲ್ಲ, ಮೊದಲನೆಯ ಜಾತಿಯದ್ದೇ. ನನ್ನ ಮಾತು ಸಾಲುವುದಿಲ್ಲವಾ ನಿನಗೆ?”

“ನಿನ್ನ ಮಾತು ನನಗೆ ಸಾಕು. ಕೋವಿಗೆ ಸಾಲುವುದಿಲ್ಲ.”

ಸ್ಪರ್ಧೆಗೆ ಹತ್ತು ದಿನ. ಮೂರು ತಿಂಗಳು ಬೇಡಿ ತಂದ ಮದ್ದು. ನೀನು ಅದರಿಂದ ಒಂದು ಕಾಳೂ ತುಂಬುವುದಿಲ್ಲ ಅಂದೆ. ಬೇರೆ ಜಾತಿಯ ಮದ್ದು ಅದೇ ಅಳತೆಗೆ ತುಂಬಿದರೆ ಕೋವಿ ಕೈಯಲ್ಲೇ ಸಿಡಿಯಬಹುದು ಅಂದೆ. ಸಾಹೇಬರು ಕೆಂಪಾದರು. ಸಂಬಂಧಪಟ್ಟವರನ್ನು ಕರೆಸಿ ಆ ಡಬ್ಬಿಯನ್ನು ನಾಶಕ್ಕೆ ಒಪ್ಪಿಸಿದ್ದಾಯಿತು. ನಮ್ಮ ತಂಡ ಅರ್ಧ ತೋಟೆಗಳಲ್ಲಿ ಹೋಗಿ ಅರ್ಧ ಮರ್ಯಾದೆಯಲ್ಲಿ ವಾಪಸು ಬಂತು. “ಡಬ್ಬಿ ಬದಲಾಯಿಸಿದ್ದು ಯಾರು?” ಎಂದು ಸಾಹೇಬರು ಗುಡುಗಿದಾಗ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಈದ್ ಯಾವಾಗ ಎಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. “ನನ್ನ ಸ್ಟೋರಿಗೆ ಬಂದ ಮಾಲು ಸರ್, ಜವಾಬ್ದಾರಿ ನನ್ನದು” ಅಂದೆ ನೀನು. ನಿನಗೆ ವಾರ್ನಿಂಗ್ ಲೆಟರ್ ಸಿಕ್ಕಿತು.

ನಂಬಿದರೆ ನಂಬು, ಆ ವಾರ್ನಿಂಗ್ ಲೆಟರಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅದು ಸಿಕ್ಕಿದ ಮೇಲೆ ಜನ ನಿನ್ನನ್ನು ಇನ್ನೂ ಹೆಚ್ಚು ಗೌರವಿಸಿದರು. ಬೈಸಿಕೊಂಡೂ ದೊಡ್ಡವನಾಗುವ ವಿದ್ಯೆ ಎಲ್ಲಿ ಕಲಿತೆಯೋ. ನನ್ನನ್ನು ಹೊಗಳಿದರೂ ಜನ ನಿನ್ನನ್ನು ನೆನೆಯುತ್ತಾರೆ.

ಇಷ್ಟೂ ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಎರಡು ಉಂಟು. ನಗಿಸಲು ನೋಡಿದೆ, ಇಲ್ಲಿ ಆಗುವುದಿಲ್ಲ.

ಒಂದು. ಅವತ್ತು ಬಿರುಕು ಬಿಟ್ಟ ಎರಡು ಡಬ್ಬಿಗಳು ಒಂದೇ ಜಾತಿಯವಲ್ಲ. ಎರಡು ಜಾತಿಯದ್ದೂ ಒಂದೊಂದು. ಎರಡನ್ನೂ ನಾನು ಒಂದೇ ಹಾಲಿನ ಪುಡಿ ಡಬ್ಬಿಗೆ ಸುರಿದೆ, ಮನೆಯಲ್ಲಿ ಹಳೇ ರವೆಯ ಮೇಲೆ ಹೊಸ ರವೆ ಸುರಿಯುತ್ತಾರಲ್ಲ, ಹಾಗೆ. ಕಾಳು ಒಂದೇ ಬಣ್ಣ, ಒಂದೇ ಗಾತ್ರ, ಏನಾಗುತ್ತದೆ ಅಂದುಕೊಂಡೆ. ನೀನು ಕೇಳಿದಾಗ ಮೊದಲನೆಯ ಜಾತಿಯದ್ದೇ ಎಂದು ಆಣೆ ಹಾಕುವವನಂತೆ ಹೇಳಿದೆ. ನಿನಗೆ ಬರೀ ಅನುಮಾನವಿತ್ತು, ನನಗೆ ಗೊತ್ತಿತ್ತು. ಹೊಸ ತೋಟೆಯ ಮೊದಲ ಈಡು ಯಾವಾಗಲೂ ಸಾಹೇಬರೇ ಹಾರಿಸುವುದು, ಕೋವಿಗೆ ಕೆನ್ನೆ ಒತ್ತಿ ಹಿಡಿದು. ನೀನು ನನ್ನ ಮಾತಿಗೆ ಒಪ್ಪಿದ್ದರೆ ಆ ಕೆನ್ನೆ ಏನಾಗುತ್ತಿತ್ತೋ. ಒಂದು ವರ್ಷದಿಂದ ಅವರು ಆಫೀಸಿಗೆ ಬಂದು ಗುಡ್ ಮಾರ್ನಿಂಗ್ ಹೇಳಿದಾಗಲೆಲ್ಲ ನಾನು ನೋಡುವುದು ಆ ಕೆನ್ನೆಯನ್ನೇ.

ಎರಡು. ಅಬುಧಾಬಿಯ ಕ್ಲಬ್ಬಿನ ಮದ್ದಿನ ಉಸ್ತುವಾರಿಗೆ ನೀನು ಅರ್ಜಿ ಹಾಕಿದ್ದೀ. ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಉಂಟು, ಬಂಟ್ವಾಳದಿಂದ ಹೆಂಡತಿಯನ್ನೂ ಜುವಾಕಿಂನನ್ನೂ ಕರೆಸಿಕೊಳ್ಳಬಹುದು ಅಂತ ಕ್ಯಾಂಟೀನಿನಲ್ಲಿ ನನ್ನ ಹತ್ತಿರ ಹೇಳಿದೆ. “ಮಗ ಫೋನಲ್ಲಿ ನನ್ನನ್ನು ಅಂಕಲ್ ಅಂತ ಕರೆದುಬಿಟ್ಟ ರಂಜಿತ್” ಅಂತಲೂ ಹೇಳಿದೆ. ನಾನು ತಲೆಯಾಡಿಸಿದೆ. ಅದೇ ಕೆಲಸಕ್ಕೆ ಎರಡು ದಿನ ಮೊದಲೇ ನಾನೂ ಅರ್ಜಿ ಹಾಕಿದ್ದೆ ಅಂತ ಹೇಳಲಿಲ್ಲ. ದಿನಾ ಸಂಜೆ ಮಗಳು ಬಂದು ಕೊರಳಿಗೆ ಜೋತುಬೀಳುವ ಮನೆ ನನಗುಂಟು. ಅದು ಸಾಲದೆ ನಿನಗೆ ಸಿಗಬಹುದಾದದ್ದರ ಮೇಲೂ ಕಣ್ಣು ಹಾಕಿದೆ.

ನಿನ್ನೆ ಅಬುಧಾಬಿಯವರು ನಿನ್ನ ಫೈಲಿನ ನಕಲು ಕೇಳಿದರು. ನಕಲು ತೆಗೆಯಲು ಸಾಹೇಬರು ಹೇಳಿದ್ದು ನನಗೆ. ಆ ವಾರ್ನಿಂಗ್ ಲೆಟರ್ ಕೈಗೆ ಬಂತು. ಅದನ್ನು ಹಾಕಿ ಕಳಿಸಿದರೆ ಕೆಲಸ ಬಹುಶಃ ನನಗೆ. ಮೆಲ್ಲನೆ ಎಳೆದು ಹರಿದರೆ ನಿನಗೆ, ಮತ್ತು ಹರಿದವನೆಂಬ ಹೆಮ್ಮೆ ನನಗೆ. ಅರ್ಧ ಗಂಟೆ ಜೆರಾಕ್ಸ್ ಮೆಷಿನ್ನಿನ ಎದುರು ನಿಂತಿದ್ದೆ. ಕೊನೆಗೆ ಎರಡೂ ಮಾಡದೆ ಫೈಲು ಮುಚ್ಚಿ, ಟೋನರ್ ಇಲ್ಲ ಎಂದು ಸುಳ್ಳು ಹೇಳಿ ಮನೆಗೆ ಬಂದೆ. ಹರಿದರೂ ಅದು ಇನ್ನೊಂದು ಡಬ್ಬಿ ಬದಲಾಯಿಸಿದಂತೆಯೇ ಅಲ್ಲವಾ?

ನಡೆದದ್ದನ್ನೆಲ್ಲ ಸಾಹೇಬರಿಗೆ ಇಂಗ್ಲಿಷಿನಲ್ಲಿ ಬರೆದಿದ್ದೇನೆ: ಸುರಿದವನು ನಾನು, ಬೆರೆಸಿದವನು ನಾನು, ಸುಳ್ಳು ಹೇಳಿದವನು ನಾನು. ಆ ವಾರ್ನಿಂಗ್ ಲೆಟರನ್ನು ಹ್ಯೂಬರ್ಟನ ಫೈಲಿನಿಂದ ತೆಗೆದು ನನ್ನ ಫೈಲಿಗೆ ಹಾಕಿ ಅಂತ ಕೇಳಿದ್ದೇನೆ. ಸುಪ್ರೀತಾಳಿಗೆ ಓದಿ ಹೇಳಿದೆ. “ಕೆಲಸ ಹೋದರೆ ಹೋಗ್ತದೆ, ತೃಷಾಳ ಪರೀಕ್ಷೆ ಮುಗಿಯುವ ತನಕ ಇರಲಿಕ್ಕೆ ಬಿಡ್ತಾರಾ ಕೇಳಿ” ಅಂದಳು. ಅಬುಧಾಬಿಯ ನನ್ನ ಅರ್ಜಿಯನ್ನು ತ್ಯಾಗ ಮಾಡಿದೆ ಅಂತ ತಿಳಿಯಬೇಡ. ಅಂಥ ಉದಾರಿ ನಾನಲ್ಲ. ಆ ಇಂಗ್ಲಿಷ್ ಕಾಗದ ಸಾಹೇಬರ ಮೇಜಿಗೆ ಬಿದ್ದ ಕೂಡಲೇ ಅದು ತಾನಾಗಿಯೇ ಸಾಯುತ್ತದೆ.

ಕ್ಷಮಿಸು ಅಂತ ಕೇಳಲು ನಾಲಿಗೆ ಏಳುವುದಿಲ್ಲ. ಯಾಕೆಂದರೆ ನೀನು ಕ್ಷಮಿಸಿಬಿಡುತ್ತೀ, ಆಗ ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತದೆ. ಸಾಧ್ಯವಾದರೆ ಒಂದು ವಾರವಾದರೂ ಸಿಟ್ಟಿನಲ್ಲಿರು. ನನಗೋಸ್ಕರ.

ನಿನ್ನ ಹೆಂಡತಿ, ಮಗ ಬೇಗ ಈ ಊರು ಸೇರಲಿ. ಆ ಹುಡುಗ ವಿಮಾನ ನಿಲ್ದಾಣದಲ್ಲಿ ನಿನ್ನನ್ನು ಗುರುತು ಹಿಡಿದು ಓಡಿ ಬರಲಿ. ದೇವರು ಒಳಿತು ಮಾಡಲಿ ಅಂತ ನಿನ್ನ ಕೊಂಕಣಿಯಲ್ಲೇ ಹರಸುತ್ತೇನೆ, ದೇವ್ ಬರೆಂ ಕರುಂ.

ಇಂತು, ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರದ,
ನಿನ್ನ ರಂಜಿತ್

ವಿ.ಸೂ.: ಭಾನುವಾರ ಬೆಳಿಗ್ಗೆ ಪಿಕಪ್ಪಿನಲ್ಲಿ ಮುಂದಿನ ಸೀಟು ನನಗಿಡು, ಆರೂವರೆಗೆ ಕೆಳಗೆ ನಿಂತಿರುತ್ತೇನೆ. ಆ ಕಾಗದ ಕೊಡಲು ಸಾಹೇಬರ ಕೋಣೆಯ ಬಾಗಿಲ ತನಕ ನನ್ನ ಜೊತೆ ಬಾ. ಅಲ್ಲಿ ನಾನು ‘ಒಂದು ನಿಮಿಷ, ನೀರು ಕುಡಿದು ಬರ್ತೇನೆ’ ಅಂದರೆ ಬಿಡಬೇಡ ಮಾರಾಯ. ಬೆನ್ನಿಗೆ ಕೈಯಿಟ್ಟು ಮೆಲ್ಲನೆ ಒಳಗೆ ದೂಡು.